ಬೆಳಗಾವಿಯಲ್ಲಿ ಎಳೆಗೂಸಿಗೆ ಕೈಗೆಟುಕುವ ಡೇ ಕೇರ್ ಹುಡುಕುವುದು ಹೇಗೆ

ಹೆರಿಗೆ ರಜೆ ಇನ್ನು ಎಷ್ಟು ವಾರ ಉಳಿದಿದೆ? ಮೊದಲು ಕ್ಯಾಲೆಂಡರ್ ತೆಗೆದು ಎಣಿಸಿ. ಜಾಗ ಹುಡುಕುವ ಮಾತು ಆಮೇಲೆ.

ನಾನು ಎಣಿಸಿದ್ದು ತಡವಾಗಿ. ನಾನು ಕೆಲಸ ಮಾಡೋದು ಇಲ್ಲೇ ಒಂದು ಸಣ್ಣ ಸಹಕಾರಿ ಸೊಸೈಟಿಯಲ್ಲಿ, ಯಜಮಾನರು ಉದ್ಯಮಬಾಗದ ಫೌಂಡ್ರಿಯಲ್ಲಿ, ಅವರಿಗೆ ವಾರಕ್ಕೊಂದು ಪಾಳಿ. ಅತ್ತೆ, ಮಾವ ಬೈಲಹೊಂಗಲ ಕಡೆಯ ಹಳ್ಳಿಯಲ್ಲಿದ್ದಾರೆ. ಹೊಲ, ಎಮ್ಮೆ ಬಿಟ್ಟು ಬರೋ ಹಾಗಿಲ್ಲ. ನಮ್ಮವ್ವನಿಗೆ ಮೊಣಕಾಲು ನೋವು, ಕೂಸನ್ನು ಎತ್ತಿಕೊಂಡು ಓಡಾಡೋಕೆ ಆಗಲ್ಲ. ರಜೆ ಮುಗಿಯೋಕೆ ಮೂರು ವಾರ ಇದ್ದಾಗ ನಾನು ಹುಡುಕೋಕೆ ಶುರು ಮಾಡಿದೆ. ಮೂರು ವಾರ ಸಾಲಲ್ಲ. ಒಳ್ಳೆಯ ಜಾಗಗಳಲ್ಲಿ ಎಳೆಗೂಸುಗಳಿಗೆ ಇರೋದೇ ಎರಡೋ ಮೂರೋ ಜಾಗ, ಅವು ಯಾವಾಗಲೋ ತುಂಬಿರುತ್ತವೆ. ಅದಕ್ಕೇ ಹೇಳೋದು, ಏಳನೇ ತಿಂಗಳಲ್ಲಿ ಕುಬಸದ (ಸೀಮಂತದ) ಗಡಿಬಿಡಿ ಮುಗೀತಲ್ಲ, ಆಗಲೇ ಒಂದು ಸಲ ಸುತ್ತಾಡಿ ಬನ್ನಿ. ಹೆರಿಗೆಗೆ ಮುಂಚೆ ಯಾರು ಇದನ್ನೆಲ್ಲ ಮಾತಾಡ್ತಾರೆ ಅಂತ ಮನೆಯ ಹಿರಿಯರು ಗದರಬಹುದು. ಗದರಲಿ. ಸುಮ್ನೆ ವಿಚಾರಿಸಿ ಬಂದರೆ ಯಾವ ಅಪಶಕುನವೂ ಆಗಲ್ಲ.

ರಜೆಯ ಲೆಕ್ಕ

ಮೊದಲ ಎರಡು ಮಕ್ಕಳಿಗೆ ಸಂಬಳ ಸಮೇತ 26 ವಾರ ರಜೆ ಕೊಡಬೇಕು ಅಂತ 2017ರಿಂದ ಕಾನೂನಿದೆ. ಕೇಳೋಕೆ ಆರು ತಿಂಗಳು. ಆದರೆ ಇದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು, ತುಂಬಾ ಜನ ತೆಗೆದುಕೊಳ್ಳುತ್ತಾರೆ ಕೂಡ. ಹಾಗೆ ಮಾಡಿದರೆ ಹೆರಿಗೆಯಾದ ಮೇಲೆ ಉಳಿಯೋದು 18 ವಾರ. ಅಂದರೆ ನೀವು ಕೆಲಸಕ್ಕೆ ಹೋಗುವ ದಿನ ಕೂಸಿಗೆ ನಾಲ್ಕು ತಿಂಗಳು ದಾಟಿ ಸ್ವಲ್ಪ ದಿನ ಆಗಿರುತ್ತದೆ, ಅಷ್ಟೇ. ನಾನು ಫೋನ್ ಮಾಡಿದ ಡೇ ಕೇರ್‌ಗಳಲ್ಲಿ ಬಹಳಷ್ಟು ಕಡೆ ಆರು ತಿಂಗಳು ತುಂಬದೆ ತೆಗೆದುಕೊಳ್ಳುವುದೇ ಇಲ್ಲ ಅಂದರು, ಎರಡು ಕಡೆ ಒಂದೂವರೆ ವರ್ಷ ಆಗಬೇಕು, ನಡೆಯೋಕೆ ಬರಬೇಕು ಅಂದರು. ಹಾಗಾಗಿ ಆರೋಗ್ಯ ಸರಿ ಇದ್ದು, ಡಾಕ್ಟರು ಒಪ್ಪಿದರೆ ಮಾತ್ರ, ಹೆರಿಗೆಗೆ ಮುಂಚಿನ ರಜೆಯನ್ನು ಕಡಿಮೆ ಮಾಡಿ ಹೆರಿಗೆಯಾದ ಮೇಲಕ್ಕೆ ಉಳಿಸಿ. ನಾನು ಮೂರು ವಾರ ಮಾತ್ರ ಮೊದಲು ತೆಗೆದುಕೊಂಡೆ, ಹೆರಿಗೆಯಾದ ಮೇಲೆ 23 ವಾರ ಸಿಕ್ಕಿತು. ಅದರ ಕೊನೆಗೆ ಗಳಿಕೆ ರಜೆ ಹತ್ತು ದಿನ ಜೋಡಿಸಿದೆ. ಆ ಹತ್ತು ದಿನ ನನ್ನನ್ನು ಉಳಿಸಿತು.

ರಾಜ್ಯ ಸರ್ಕಾರಿ ನೌಕರಿ ಇದ್ದವರಿಗೆ ಹೆರಿಗೆ ರಜೆ ಅಲ್ಲದೆ ಸೇವಾ ಅವಧಿಯಲ್ಲಿ ಒಟ್ಟು 180 ದಿನ ಶಿಶುಪಾಲನಾ ರಜೆಯೂ ಇದೆ. ಅದನ್ನು ಕೇಳೋಕೆ ಸಂಕೋಚ ಬೇಡ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕೂಸಿಗೆ 15 ತಿಂಗಳು ಆಗುವವರೆಗೆ, ಊಟದ ಬಿಡುವು ಬಿಟ್ಟು, ದಿನಕ್ಕೆ ಎರಡು ಸಲ ಹಾಲುಣಿಸೋಕೆ ಬಿಡುವು ಕೊಡಬೇಕು ಅಂತ ಅದೇ ಕಾನೂನಿನಲ್ಲಿದೆ. ಇದು ಜಾಗ ಎಲ್ಲಿ ಹುಡುಕಬೇಕು ಅನ್ನೋದನ್ನೇ ಬದಲಾಯಿಸುತ್ತದೆ. ಕೂಸು ನಿಮ್ಮ ಆಫೀಸಿನಿಂದ ಹತ್ತು ನಿಮಿಷದ ದಾರಿಯಲ್ಲಿದ್ದರೆ ನೀವೇ ಹೋಗಿ ಹಾಲು ಕುಡಿಸಿ ಬರಬಹುದು, ಹಾಲಿನ ಪುಡಿಯ ಖರ್ಚೂ ಉಳಿಯುತ್ತದೆ. ಕೂಸನ್ನು ಕರೆತರೋದು ಗಂಡನ ಕೆಲಸ ಅಂತಾದರೆ ಮನೆ ಹತ್ತಿರ ಹುಡುಕಿ. ಎರಡಕ್ಕೂ ದೂರ ಇರೋ ಜಾಗ ಎಷ್ಟೇ ಅಗ್ಗ ಸಿಕ್ಕರೂ ಬೇಡ. ಜುಲೈ ತಿಂಗಳ ಬೆಳಗಾವಿ ಮಳೆಯಲ್ಲಿ ಕೂಸನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಎರಡು ಬಸ್ ಬದಲಿಸೋದು ಒಂದು ವಾರವೂ ನಡೆಯಲ್ಲ. ಶಕ್ತಿ ಯೋಜನೆಯಲ್ಲಿ ಬಸ್ಸು ನಮಗೆ ಪುಕ್ಕಟೆ ನಿಜ, ಆದರೆ ಬೆಳಗ್ಗೆ ಒಂಬತ್ತಕ್ಕೆ ಚನ್ನಮ್ಮ ಸರ್ಕಲ್ ಕಡೆ ಹೋಗೋ ಬಸ್ಸಿನಲ್ಲಿ ಕೂಸನ್ನು ಎದೆಗೊತ್ತಿ ನಿಲ್ಲೋಕೂ ಜಾಗ ಇರಲ್ಲ.

ಆಫೀಸಿನಲ್ಲಿ ಏನು ಕೇಳಬೇಕು

ನಿಮ್ಮಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುತ್ತಿದ್ದರೆ ಕೂಸುಗಳಿಗೆ ಶಿಶುಪಾಲನಾ ಕೇಂದ್ರ ಇರಲೇಬೇಕು. ಗಂಡಸರು, ಹೆಂಗಸರು ಎಲ್ಲ ಸೇರಿಸಿ 50. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ನಿಯಮ ಮುಂದುವರಿದಿದೆ. ಒಬ್ಬರೇ ನಡೆಸೋಕೆ ಆಗದಿದ್ದರೆ ಬೇರೆಯವರ ಜೊತೆ ಸೇರಿ ನಡೆಸೋಕೂ ಅವಕಾಶ ಇದೆ. ಉದ್ಯಮಬಾಗ, ಹೊನಗಾದಂಥ ಕಡೆ ಅಕ್ಕಪಕ್ಕದ ನಾಲ್ಕು ಕಾರ್ಖಾನೆಯವರು ಮನಸ್ಸು ಮಾಡಿದರೆ ಇದು ಆಗದ ಕೆಲಸವೇನಲ್ಲ. ಬಾಯಿಮಾತಿನಲ್ಲಿ ಕೇಳಿದರೆ ನೋಡೋಣ ಅಂತಾರೆ, ಒಂದು ಹಾಳೆಯಲ್ಲಿ ಬರೆದು ಕೊಟ್ಟು, ನಿಮ್ಮ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಇನ್ನಿಬ್ಬರು ತಾಯಂದಿರು ಜೊತೆಗೆ ಸಹಿ ಮಾಡಿದರೆ ಇನ್ನೂ ಒಳ್ಳೆಯದು. ಅದಕ್ಕೂ ಜಗ್ಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿ ಇದೆ.

ನಮ್ಮ ಸೊಸೈಟಿಯಲ್ಲಿ ನಾವು ಹದಿನಾಲ್ಕು ಜನ. ನನಗೆ ರಜೆ ಸಿಕ್ಕಿತು, ಕೂಸಿಗೆ ಕೇಂದ್ರ ಸಿಗಲಿಲ್ಲ.

ಸರ್ಕಾರದ ಕಡೆಯಿಂದ

"ಅಂಗನವಾಡಿ ಐತೆಲ್ಲಾ, ಅಲ್ಲೇ ಬಿಟ್ಟ ಹೋಗವಾ" ಅಂತ ನನಗೆ ಹತ್ತು ಜನ ಹೇಳಿದರು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳೋದು ಮೂರರಿಂದ ಆರು ವರ್ಷದ ಮಕ್ಕಳನ್ನು. ಮೂರಕ್ಕಿಂತ ಚಿಕ್ಕ ಮಕ್ಕಳಿಗೆ ಆಹಾರದ ಪೊಟ್ಟಣ ಮನೆಗೆ ಕೊಡುತ್ತಾರೆ, ತೂಕ ನೋಡುತ್ತಾರೆ, ಅಷ್ಟೇ. ಹಾಗಾಗಿ ಅಂಗನವಾಡಿ ಟೀಚರ್ ಹತ್ತಿರ ಹೋಗಿ ಯಾಕೆ ತೆಗೆದುಕೊಳ್ಳಲ್ಲ ಅಂತ ಜಗಳ ಮಾಡಬೇಡಿ. ಅವರ ತಲೆ ಮೇಲೆ ಈಗಾಗಲೇ ಹತ್ತಾರು ಕೆಲಸ ಇದೆ.

ಎಳೆಗೂಸುಗಳಿಗೆ ಅಂತ ಇರೋದು ಪಾಲ್ನಾ ಯೋಜನೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಗಳು. ಕೆಲವು ಅಂಗನವಾಡಿಗಳ ಜೊತೆಗೇ ನಡೆಯುತ್ತವೆ. ಇದರ ಹಿಂದಿನ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಬಿಪಿಎಲ್ ಮನೆಗೆ ತಿಂಗಳಿಗೆ 20 ರೂಪಾಯಿ, ತಿಂಗಳ ಆದಾಯ 12,000ದವರೆಗೆ ಇದ್ದವರಿಗೆ 100, ಅದಕ್ಕಿಂತ ಜಾಸ್ತಿ ಇದ್ದವರಿಗೆ 200 ರೂಪಾಯಿ ಅಂತ ಇಟ್ಟಿದ್ದರು. ಖಾಸಗಿಯವರ ದರದ ಮುಂದೆ ಇದು ಏನೇನೂ ಅಲ್ಲ. ಕಷ್ಟ ಏನಂದರೆ ಇಂಥ ಕೇಂದ್ರಗಳು ಬೆರಳೆಣಿಕೆಯಷ್ಟು. ನಿಮ್ಮ ವಾರ್ಡಿನ ಹತ್ತಿರ ಇದೆಯಾ ಅಂತ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಬೇಕು. ಹಳ್ಳಿ ಕಡೆ, ಅಂದರೆ ಹಿಂಡಲಗಾ, ಯಳ್ಳೂರು, ಸಾಂಬ್ರಾ ಕಡೆ ಇರೋರು ಪಂಚಾಯಿತಿಗೆ ಹೋಗಿ "ಕೂಸಿನ ಮನೆ" ನಮ್ಮಲ್ಲಿ ನಡೀತಾ ಇದೆಯಾ ಅಂತ ಕೇಳಿ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಶುರುವಾಗಿದ್ದು ಅದು. ಊರಿನ ಜಾಬ್ ಕಾರ್ಡ್ ಇರೋ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಕೂಸುಗಳನ್ನು ನೋಡಿಕೊಳ್ಳೋಕೆ ಇಡುತ್ತಾರೆ. ಬೋರ್ಡ್ ಹಾಕಿದ್ದರೆ ಸಾಲಲ್ಲ, ಬೀಗ ತೆಗೆದಿರುತ್ತಾ ಅಂತ ನೀವೇ ಎರಡು ದಿನ ಹೋಗಿ ನೋಡಿ.

ಖಾಸಗಿ ಡೇ ಕೇರ್

ನಮ್ಮ ಊರಿನಲ್ಲಿ ಇದಕ್ಕೆ ಮೂರು ಹೆಸರಿದೆ, ಮೂರೂ ಹೆಸರು ಹಿಡಿದು ಕೇಳಿ. ಟಿಳಕವಾಡಿ, ಸದಾಶಿವನಗರ, ಹನುಮಾನನಗರ ಕಡೆ ಡೇ ಕೇರ್ ಅಂತಾರೆ, ಬೋರ್ಡ್ ಇರುತ್ತದೆ. ಮಹಾಂತೇಶನಗರ, ರಾಮತೀರ್ಥನಗರದ ಮನೆಗಳಲ್ಲಿ ಬೇಬಿ ಸಿಟ್ಟಿಂಗ್ ಅಂದರೆ ಬೇಗ ಗೊತ್ತಾಗುತ್ತದೆ. ಶಹಾಪುರ, ವಡಗಾವಿ, ಅನಗೋಳದ ಗಲ್ಲಿಗಳಲ್ಲಿ ಪಾಳಣಾಘರ ಅಂತ ಕೇಳಬೇಕು. ಡೇ ಕೇರ್ ಎಲ್ಲಿದೆ ಅಂತ ಕೇಳಿದಾಗ ಇಲ್ಲ ಅಂದ ಅಂಗಡಿಯವರೇ ಪಾಳಣಾಘರ ಅಂದ ಕೂಡಲೇ ಎರಡು ಮನೆ ತೋರಿಸಿದರು.

ಫೋನಿನಲ್ಲಿ ಮೊದಲು ದರ ಕೇಳಬೇಡಿ. ಎಷ್ಟು ತಿಂಗಳ ಕೂಸು ತೆಗೆದುಕೊಳ್ಳುತ್ತೀರಿ, ಒಂದು ವರ್ಷದೊಳಗಿನ ಕೂಸುಗಳು ಈಗ ಎಷ್ಟಿವೆ, ಅವನ್ನು ನೋಡಿಕೊಳ್ಳೋಕೆ ಎಷ್ಟು ಜನ ಇದ್ದಾರೆ, ಇಷ್ಟು ಕೇಳಿ. ಒಟ್ಟು ಇಪ್ಪತ್ತು ಮಕ್ಕಳಿಗೆ ನಾಲ್ಕು ಜನ ಇದ್ದಾರೆ ಅಂತ ಹೇಳುತ್ತಾರೆ, ಆ ಉತ್ತರ ಬೇಡ. ಎಳೆಗೂಸಿನ ಕೋಣೆಯಲ್ಲಿ ಎಷ್ಟು ಜನ ಅಂತ ಕೇಳಿ. ಕೂಸಿಗೆ ಬೇಕಾಗಿರೋದು ಎತ್ತಿಕೊಳ್ಳೋ ಕೈ. ಒಬ್ಬಳು ಹೆಣ್ಣುಮಗಳು ಮೂರು ಕೂಸು ನೋಡಿಕೊಳ್ಳಬಹುದು, ಕಷ್ಟಪಟ್ಟು ನಾಲ್ಕು. ಅದಕ್ಕಿಂತ ಜಾಸ್ತಿಯಾದರೆ ಒಂದಕ್ಕೆ ಉಣಿಸುವಾಗ ಇನ್ನೊಂದು ಅಳುತ್ತಾ ಬಿದ್ದಿರಬೇಕಾಗುತ್ತದೆ.

ಆಮೇಲೆ ಹೋಗಿ ನೋಡಿ. ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೆ ಹೋಗಿ. ಮಧ್ಯಾಹ್ನ ಮೂರು ಗಂಟೆ ಒಳ್ಳೆಯ ಹೊತ್ತು, ಎಲ್ಲರಿಗೂ ಸುಸ್ತಾಗಿರುತ್ತದೆ, ಇದ್ದದ್ದು ಇದ್ದಹಾಗೆ ಕಾಣುತ್ತದೆ. ನಾನು ಮೊದಲು ಇಷ್ಟಪಟ್ಟಿದ್ದ ಜಾಗದಲ್ಲಿ ಗೋಡೆ ತುಂಬಾ ಚಿತ್ರ, ನೆಲಕ್ಕೆ ಬಣ್ಣದ ಮ್ಯಾಟು, ಬಾಗಿಲಲ್ಲಿ ಕ್ಯಾಮೆರಾ ಇತ್ತು. ದರ 6,500, ಸೇರಿಸುವಾಗ ಬೇರೆ 3,000. ಎರಡನೇ ಸಲ ಹೇಳದೆ ಹೋದೆ. ಏಳು ಕೂಸುಗಳಿದ್ದವು, ಒಬ್ಬಳೇ ಹುಡುಗಿ. ಟಿವಿಯಲ್ಲಿ ಹಾಡು ಜೋರಾಗಿತ್ತು. ಒಂದು ಕೂಸು ಬಾಟಲಿಯನ್ನು ದಿಂಬಿಗೆ ಆನಿಸಿಟ್ಟದ್ದನ್ನು ತಾನೇ ಮಲಗಿಕೊಂಡು ಕುಡೀತಾ ಇತ್ತು, ಹಾಲು ಕೆನ್ನೆ ಮೇಲಿಂದ ಕಿವಿಯ ಒಳಗೆ ಇಳೀತಾ ಇತ್ತು. ಆ ಹುಡುಗಿ ನನ್ನ ಮುಖ ನೋಡಿ ಓಡಿ ಬಂದು ಎತ್ತಿಕೊಂಡಳು. ಅವಳ ತಪ್ಪು ಅಂತ ನಾನು ಹೇಳಲ್ಲ, ಏಳು ಕೂಸಿಗೆ ಎರಡು ಕೈ ಎಲ್ಲಿ ಸಾಕಾಗುತ್ತವೆ? ಆದರೆ ನನ್ನ ಮಗಳನ್ನು ಅಲ್ಲಿ ಬಿಡೋಕೆ ಆಗಲಿಲ್ಲ. ಕ್ಯಾಮೆರಾ ಇದ್ದರೆ ನೀವು ಆಫೀಸಿನಲ್ಲಿ ಕೂತು ನೋಡಬಹುದು, ಎತ್ತಿಕೊಳ್ಳೋಕೆ ಆಗಲ್ಲ.

ಹೋದಾಗ ಗಮನಿಸಬೇಕಾದ್ದು ಇನ್ನೂ ಇದೆ. ಮಲಗಿಸಿದ ಕೂಸುಗಳು ಅಂಗಾತ ಮಲಗಿವೆಯಾ, ಮುಖದ ಹತ್ತಿರ ದಪ್ಪ ದಿಂಬು, ರಜಾಯಿ ಇದೆಯಾ. ಬಾಟಲಿಗಳನ್ನು ಯಾರು, ಯಾವಾಗ ಕುದಿಸುತ್ತಾರೆ. ಬಟ್ಟೆ ಬದಲಿಸಿದ ಕೈಯನ್ನು ಸೋಪು ಹಚ್ಚಿ ತೊಳೆಯುತ್ತಾರಾ. ನೀರಿನ ಬಕೆಟ್ ಕೂಸಿನ ಕೈಗೆ ಸಿಗೋ ಹಾಗಿದೆಯಾ. ಅಂಬೆಗಾಲಿಡೋ ಕೂಸಿಗೆ ಅರ್ಧ ಬಕೆಟ್ ನೀರೂ ಅಪಾಯ. ಮಧ್ಯಾಹ್ನ ಎಲ್ಲ ಕೂಸುಗಳೂ ಒಟ್ಟಿಗೆ ಅಲುಗಾಡದೆ ಮಲಗಿದ್ದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ, ನನಗಂತೂ ಅನುಮಾನ ಬರುತ್ತದೆ. ಶೀತದ ಔಷಧಿ ಕುಡಿಸಿ ಮಲಗಿಸೋ ಕೆಟ್ಟ ಅಭ್ಯಾಸ ಕೆಲವರಿಗಿದೆ. "ನಾನು ಹೇಳದೆ ಒಂದು ಹನಿ ಔಷಧಿಯೂ ಬೇಡ, ಗುಟ್ಟಿಯೂ (ತೇಯ್ದು ಕುಡಿಸೋ ನಾಟಿ ಔಷಧಿ) ಬೇಡ" ಅಂತ ಎದುರಿಗೇ ಹೇಳಿ.

ಗಲ್ಲಿಯಲ್ಲೇ ಸಿಕ್ಕ ಮಾವಶಿ

ಕೊನೆಗೆ ನನಗೆ ದಾರಿ ತೋರಿಸಿದ್ದು ನಮ್ಮ ಗಲ್ಲಿಯ ಅಂಗನವಾಡಿ ಟೀಚರೇ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ಮಕ್ಕಳನ್ನು ಹೊಡೆಯುತ್ತಾರೆ, ಯಾರ ಮನೆಯಲ್ಲಿ ಕುಡಿಯೋರಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಅವರ ಜೊತೆಗೆ ಆಶಾ ಕಾರ್ಯಕರ್ತೆಯನ್ನೂ, ಬಾಣಂತಿಗೆ ಎಣ್ಣೆ ನೀರು ಹಾಕೋಕೆ ಬರುವ ಅಜ್ಜಿಯನ್ನೂ ಕೇಳಿ. ನನಗೆ ಸಿಕ್ಕವರು ವಡಗಾವಿಯ ಒಬ್ಬ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ ಅಂತ. ಮೊದಲು ಮನೆಯಲ್ಲೇ ಮಗ್ಗಕ್ಕೆ ಕಂಡಿಕೆ (ನೂಲಿನ ಸುರುಳಿ) ಸುತ್ತುತ್ತಿದ್ದವರು. ಅವರ ಮಕ್ಕಳು ಈಗ ದೊಡ್ಡವರು.

ನಾನು ಮಗಳನ್ನು ಕರೆದುಕೊಂಡು ಹೋದ ದಿನ ಅವರು ದುಡ್ಡಿನ ಮಾತು ತೆಗೆಯಲೇ ಇಲ್ಲ. "ಕೂಸಿಗಿ ಎಷ್ಟ ತಿಂಗಳಾತು? ಜೋಳಗ್ಯಾಗ ಮಲಗತೈತೋ ಹಾಸಿಗಿ ಮ್ಯಾಲೋ?" ಅಂತ ಕೇಳಿದರು. ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರು. ಆಮೇಲೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಒತ್ತಿ ಮೇಲೇರಿಸಿಕೊಂಡರು, ಕೂಸಿನ ಕೆನ್ನೆಗೆ ತಾಗಬಾರದು ಅಂತ. ಅಷ್ಟು ಮಾಡಿ ಕೈ ಚಾಚಿದರು. ನಾನು ಅಲ್ಲೇ ತೀರ್ಮಾನ ಮಾಡಿದೆ.

ಆದರೂ ಮನಸ್ಸಿಗೆ ಹಿಡಿಸಿತು ಅಂತ ಕಣ್ಣು ಮುಚ್ಚಿ ಬಿಡಬಾರದು. ಮನೆಯಲ್ಲಿ ಹಗಲು ಹೊತ್ತು ಇನ್ಯಾರು ಇರುತ್ತಾರೆ ಅಂತ ನೋಡಿ. ಗ್ಯಾಸ್ ಎಲ್ಲಿದೆ, ಮೆಟ್ಟಿಲಿಗೆ ಅಡ್ಡ ಏನಿದೆ, ನಾಯಿ ಇದೆಯಾ, ನೋಡಿ. ಆಧಾರ್ ಪ್ರತಿ ಕೇಳಿ ಇಟ್ಟುಕೊಳ್ಳಿ, ನಿಮ್ಮದನ್ನೂ ಕೊಡಿ, ಆಗ ಅವರಿಗೆ ಅವಮಾನ ಅನ್ನಿಸಲ್ಲ. ಅವರು ಮೊದಲು ನೋಡಿಕೊಂಡ ಮಕ್ಕಳ ತಾಯಂದಿರ ಜೊತೆ ಮಾತಾಡಿ.

ದುಡ್ಡಿನ ಮಾತು

ನನ್ನ ಸಂಬಳ 17,500. ಆ ಬಣ್ಣದ ಗೋಡೆಯ ಜಾಗಕ್ಕೆ 6,500, ದಿನಾ ಆಟೋಗೆ ಹೋಗಿ ಬರೋಕೆ ಕಡಿಮೆ ಅಂದರೂ 100, ಅಂದರೆ ತಿಂಗಳಿಗೆ 2,500. ಹಾಲಿನ ಪುಡಿ, ಡೈಪರ್ ಸೇರಿ 3,000. ಒಟ್ಟು 12,000. ಕೈಯಲ್ಲಿ ಉಳಿಯೋದು 5,500. ಇದನ್ನು ನೋಡಿಯೇ ಎಷ್ಟೋ ಜನ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಬಿಡೋ ಮುಂಚೆ ಇನ್ನೊಂದು ಲೆಕ್ಕ ಹಾಕಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಪಿಎಫ್, ಸೇವಾ ಹಿರಿತನ, ಎರಡು ವರ್ಷ ಬಿಟ್ಟು ಬಂದರೆ ಅದೇ ಕೆಲಸ ಸಿಗುತ್ತದೋ ಇಲ್ಲವೋ ಅನ್ನೋದು, ಇವೂ ದುಡ್ಡೇ. ಮತ್ತೆ ಡೇ ಕೇರ್ ಖರ್ಚನ್ನು ಹೆಂಡತಿಯ ಸಂಬಳದಿಂದ ಮಾತ್ರ ಯಾಕೆ ಕಳೆಯಬೇಕು? ಕೂಸು ಇಬ್ಬರದೂ ಅಲ್ವಾ? ಇಬ್ಬರ ಸಂಬಳ ಕೂಡಿಸಿ, ಅದರಿಂದ ಕಳೆಯಿರಿ.

ನಾವು ಮಾಡಿದ್ದು ಹೀಗೆ. ಗಲ್ಲಿಯ ಆಚೆ ತುದಿಯಲ್ಲಿ ಎಂಟು ತಿಂಗಳ ಕೂಸಿರೋ ನರ್ಸ್ ಒಬ್ಬರಿದ್ದರು, ಅವರಿಗೂ ಇದೇ ಚಿಂತೆ. ಇಬ್ಬರೂ ಸೇರಿ ಮಾವಶಿಗೆ ತಿಂಗಳಿಗೆ 9,000 ಕೊಡೋದು ಅಂತ ಮಾತಾಡಿದೆವು, ಒಬ್ಬೊಬ್ಬರದು 4,500. ಎರಡೇ ಕೂಸು, ಬೇರೆ ತೆಗೆದುಕೊಳ್ಳಬಾರದು. ಆಟೋ ಖರ್ಚು ಇಲ್ಲ. ಮಾವಶಿಗೂ ಮಗ್ಗದ ಕೆಲಸಕ್ಕಿಂತ ಜಾಸ್ತಿ ಸಿಕ್ಕಿತು. ಖರ್ಚು ಉಳಿಸಬೇಕು ಅಂತ ಇನ್ನೊಬ್ಬ ಹೆಣ್ಣುಮಗಳ ಹೊಟ್ಟೆ ಮೇಲೆ ಹೊಡೆಯಬೇಡಿ. 2,000ಕ್ಕೆ ಒಪ್ಪಿಕೊಂಡವರು ಮುಂದಿನ ತಿಂಗಳು 3,000 ಸಿಕ್ಕರೆ ಹೋಗುತ್ತಾರೆ, ಆಗ ನಿಮ್ಮ ಕೂಸು ಮತ್ತೆ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕು.

ಮಾತು ಮೊದಲೇ ಬಿಚ್ಚಿ ಆಡಿ. ತಿಂಗಳಿಗೆ ಅವರಿಗೆ ಎರಡು ದಿನ ಸಂಬಳದ ರಜೆ, ದೀಪಾವಳಿಗೆ ಒಂದು ಸೀರೆ ಮತ್ತು ಅರ್ಧ ತಿಂಗಳ ದುಡ್ಡು, ಸಂಬಳ ಒಂದನೇ ತಾರೀಖು ತಪ್ಪಬಾರದು, ನಾವು ಊರಿಗೆ ಹೋದ ದಿನಗಳಿಗೂ ದುಡ್ಡು ಕಡಿಯೋ ಹಾಗಿಲ್ಲ. ಸಂಜೆ ಆರೂವರೆ ಅಂದರೆ ಆರೂವರೆ, ತಡವಾದರೆ ಫೋನ್ ಮಾಡೋದು. ಅವರ ಕಡೆಯಿಂದ, ಕೂಸಿನ ಮುಂದೆ ಮೊಬೈಲ್ ಇಲ್ಲ, ಕೂಸನ್ನು ಬೇರೆಯವರ ಕೈಗೆ ಕೊಟ್ಟು ಸಂತೆಗೆ ಹೋಗೋ ಹಾಗಿಲ್ಲ, ಯಾರೇ ಬಂದು ಕೇಳಿದರೂ ನಾವಿಬ್ಬರು ಬಿಟ್ಟು ಯಾರಿಗೂ ಕೂಸು ಕೊಡಬಾರದು. ಒಂದು ನೋಟ್‌ಬುಕ್ಕಿನಲ್ಲಿ ಇಷ್ಟನ್ನೂ ಬರೆದು ಮೂವರೂ ಸಹಿ ಮಾಡಿದೆವು.

ಚೀಲದಲ್ಲಿ ಏನು, ಹಾಲು ಹೇಗೆ

ಎದೆಹಾಲು ಹಿಂಡಿ ಕೊಡೋದಾದರೆ ಕೆಲಸಕ್ಕೆ ಹೋಗೋ ಎರಡು ವಾರ ಮೊದಲೇ ಅಭ್ಯಾಸ ಮಾಡಿ, ಮೊದಲ ದಿನಗಳಲ್ಲಿ ಬರೋದೇ ಸ್ವಲ್ಪ. ತೊಳೆದು ಕುದಿಸಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಹೊರಗೆ ತಂಪು ಜಾಗದಲ್ಲಾದರೆ ನಾಲ್ಕು ಗಂಟೆಯೊಳಗೆ ಕುಡಿಸಬೇಕು, ಫ್ರಿಜ್ಜಿನಲ್ಲಿಟ್ಟರೆ ಒಂದು ದಿನದೊಳಗೆ ಮುಗಿಸಿ. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಬೇಕು. ನನ್ನ ಮಗಳು ಬಾಟಲಿ ಮುಟ್ಟಲಿಲ್ಲ. ಮಾವಶಿ ವಾಟಿ (ಸಣ್ಣ ಬಟ್ಟಲು), ಚಮಚದಲ್ಲಿ ಕುಡಿಸಿದರು. ಹೊತ್ತು ಹಿಡಿಯುತ್ತದೆ, ಆದರೆ ಬಾಟಲಿಗಿಂತ ವಾಟಿ ತೊಳೆಯೋದು ಸುಲಭ, ಹೊಟ್ಟೆ ಕೆಡೋ ಭಯವೂ ಕಡಿಮೆ. ಆರು ತಿಂಗಳವರೆಗೆ ನೀರೂ ಬೇಡ. ವರ್ಷ ತುಂಬೋವರೆಗೆ ಜೇನುತುಪ್ಪ ನೆಕ್ಕಿಸಬಾರದು ಅಂತ ಬಿಡಿಸಿ ಹೇಳಿ, ಹಿರಿಯರು ಪ್ರೀತಿಯಿಂದಲೇ ನೆಕ್ಕಿಸಿಬಿಡುತ್ತಾರೆ.

ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಬಟ್ಟೆ ಒಣಗಲ್ಲ. ಲಂಗೋಟಿ ಹತ್ತಾದರೂ ಕೊಟ್ಟಿರಿ, ಹಿಂದಿನ ರಾತ್ರಿ ಇಸ್ತ್ರಿ ಮಾಡಿ ಒಣಗಿಸಿ. ಎರಡು ಕುಂಚಗಿ (ಕೂಸಿನ ಕುಲಾವಿ), ಒಂದು ಹಳೆಯ ಮೆತ್ತನೆಯ ಸೀರೆ ಕೊಡಿ. ನಿಮ್ಮ ಮೈ ವಾಸನೆ ಇರೋ ಸೀರೆ ಇದ್ದರೆ ಕೂಸು ಬೇಗ ಸುಮ್ಮನಾಗುತ್ತದೆ. ತಾಯಿ ಕಾರ್ಡಿನ ಪ್ರತಿ ಚೀಲದಲ್ಲೇ ಇರಲಿ, ಡಾಕ್ಟರ ನಂಬರು ದೊಡ್ಡ ಅಕ್ಷರದಲ್ಲಿ ಬರೆದು ಅವರ ಗೋಡೆಗೆ ಅಂಟಿಸಿ.

ಮೊದಲ ವಾರ

ಕೆಲಸಕ್ಕೆ ಹೋಗೋ ದಿನವೇ ಕೂಸನ್ನು ಮೊದಲ ಸಲ ಬಿಡಬೇಡಿ. ಅದಕ್ಕೊಂದು ವಾರ ಮುಂಚೆ, ಮೊದಲ ದಿನ ನೀವೂ ಜೊತೆಗೆ ಕೂತು ಬನ್ನಿ. ಎರಡನೇ ದಿನ ಒಂದು ಗಂಟೆ ಬಿಟ್ಟು ಬನ್ನಿ. ಹೀಗೆ ಅರ್ಧ ದಿನ, ಆಮೇಲೆ ಪೂರ್ತಿ ದಿನ. ನನ್ನ ಹತ್ತು ದಿನದ ಗಳಿಕೆ ರಜೆ ಹೋಗಿದ್ದು ಇದಕ್ಕೇ. ನೀವು ಹೊರಡುವಾಗ ಕೂಸು ಅತ್ತರೆ ಕದ್ದು ಓಡಬೇಡಿ, ಮುಖ ತೋರಿಸಿ, ಹೋಗಿ ಬರ್ತೀನಿ ಅಂತ ಹೇಳಿ ಹೊರಡಿ. ನಾನು ಮೂರನೇ ದಿನ ತಿರುವಿನಲ್ಲಿ ನಿಂತು ಅತ್ತಿದ್ದೇನೆ. ಅಲ್ಲಿಂದ ಕಿವಿಗೊಟ್ಟರೆ ಕೂಸಿನ ಅಳು ಐದು ನಿಮಿಷಕ್ಕೆ ನಿಂತಿತ್ತು.

ಸಂಜೆ ಬಂದ ಮೇಲೆ ಮೈಯೆಲ್ಲ ಒಮ್ಮೆ ನೋಡಿ. ಕಲೆ, ಗಾಯ, ತೊಡೆ ಸಂದಿಯಲ್ಲಿ ಕೆಂಪು ಇದೆಯಾ ಅಂತ. ತಿಂಗಳಿಗೊಮ್ಮೆ ತೂಕ ಮಾಡಿಸಿ, ಅಂಗನವಾಡಿಯಲ್ಲೇ ಮಾಡುತ್ತಾರೆ. ತೂಕ ಏರುತ್ತಿದ್ದರೆ, ಬೆಳಗ್ಗೆ ಅವರನ್ನು ಕಂಡ ಕೂಡಲೇ ಕೂಸು ಕೈಕಾಲು ಆಡಿಸಿದರೆ, ಕೆಲಸದಲ್ಲಿ ಮನಸ್ಸಿಟ್ಟು ಕೂರಬಹುದು. ಕೂಸು ಅವರನ್ನು ಕಂಡರೆ ಬೆಚ್ಚಿಬೀಳುವ ಹಾಗಾದರೆ ಒಂದು ದಿನವೂ ತಡ ಮಾಡಬೇಡಿ, ತಿಂಗಳ ದುಡ್ಡು ಹೋದರೂ ಹೋಗಲಿ, ನಿಲ್ಲಿಸಿ.

ಮತ್ತೆ ಮಾವಶಿ ಇಲ್ಲದ ದಿನ ಏನು ಅನ್ನೋದನ್ನು ಮೊದಲೇ ಕೂತು ಮಾತಾಡಿಕೊಳ್ಳಿ. ಅವರಿಗೂ ಜ್ವರ ಬರುತ್ತದೆ, ಮನೆಯಲ್ಲಿ ಮದುವೆ ಇರುತ್ತದೆ, ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ನಾವು ವರ್ಷದ ಶುರುವಿನಲ್ಲೇ ಅವರ ಹತ್ತಿರ ಕೇಳಿ ಆ ದಿನಗಳಿಗೆ ಗುರುತು ಹಾಕಿಬಿಟ್ಟೆವು. ಮೊದಲ ದಿನ ಯಜಮಾನರ ರಜೆ, ಎರಡನೇ ದಿನ ನರ್ಸ್ ಅಕ್ಕನ ರಾತ್ರಿ ಪಾಳಿ ಇದ್ದರೆ ಅವರ ಗಂಡನ ಸರದಿ, ಮೂರನೇ ದಿನ ನನ್ನ ರಜೆ, ಅದಕ್ಕೂ ಜಾಸ್ತಿಯಾದರೆ ಬೈಲಹೊಂಗಲದಿಂದ ಅತ್ತೆ. ಅತ್ತೆಗೆ ಎರಡು ದಿನ ಮೊದಲು ಹೇಳಬೇಕು, ಎಮ್ಮೆ ಹಾಲು ಹಿಂಡೋಕೆ ಪಕ್ಕದ ಮನೆಯವರನ್ನು ಒಪ್ಪಿಸಿ ಬರಬೇಕು ಅವರು.